ಕೊಕ್ಕರೆಯ ಮಂಡಿ ನೀರು

ಗರುಡಾಚಾರ್‌ಪಾಳ್ಯ ದಾಟಿ ನಮ್ಮ ಬಸ್ಸು ಆ ಚಿಕ್ಕ ಸೇತುವೆಯ ಹತ್ತಿರ ಬರುತ್ತಿದ್ದ ಹಾಗೆ ಒಳಗಿರುವವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ಕೆಲವರಿಗೆ ಕರ್ಚೀಫು, ಕೆಲವರಿಗೆ ದುಪಟ್ಟಾ, ಏನೂ ಇಲ್ಲದವರಿಗೆ ಅಂಗೈ. ನಾನು ಈ ರೂಟಿನ ಕಂಡಕ್ಟರ್. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಜಾಗದಲ್ಲಿ ಮೂಗು ಮುಚ್ಚಿದವಳಲ್ಲ. ಹಟ ಅನ್ನಿ, ಕೊಬ್ಬು ಅನ್ನಿ. ನಮ್ಮ ಡ್ರೈವರ್ ಅಂತೂ ‘ನಿಮ್ಗೆ ಮೂಗೇ ಇಲ್ಲ ಬಿಡಿ ಮೇಡಂ’ ಎಂದು ತೀರ್ಮಾನಿಸಿಬಿಟ್ಟಿದ್ದಾನೆ. ಮೂಗು ಇದೆ. ಆ ಕೊಳಚೆ ನಾತದ ಅಡಿಯಲ್ಲಿ ಇನ್ನೊಂದು ವಾಸನೆ ಇರುವುದು ಅದಕ್ಕೆ ಗೊತ್ತು. ಮೊದಲ ಮಳೆ ಬಿದ್ದ ಮರುದಿನ ಅದು ಮೇಲೆದ್ದು ಬರುತ್ತದೆ. ಜೊಂಡಿನ ಬೇರು, ನೆನೆದ ಎಲೆ, ಏಡಿ ಬಿಲದ ತಣ್ಣನೆಯ ಕೆಸರು ಮೂರೂ ಬೆರೆತ ವಾಸನೆ. ನನ್ನ ತಾತನ ಟವೆಲ್ಲು ಹೀಗೇ ಇತ್ತು. ಮಧ್ಯಾಹ್ನ ಅವನು ಜಗಲಿಯ ಮೇಲೆ ಮಲಗಿದಾಗ ಆ ಟವೆಲ್ಲನ್ನು ಮುಖದ ಮೇಲೆ ಹೊದ್ದುಕೊಳ್ಳುತ್ತಿದ್ದ, ನಾನು ಅದರ ಒಂದು ತುದಿಯನ್ನು ನನ್ನ ಮುಖಕ್ಕೂ ಎಳೆದುಕೊಂಡು ಪಕ್ಕದಲ್ಲಿ ಮಲಗುತ್ತಿದ್ದೆ.

ಆ ಸ್ಟಾಪಿಗೆ ಈಗ ‘ಮೋರಿ ಸ್ಟಾಪ್’ ಎಂದು ಹೆಸರು. ಯಾರು ಇಟ್ಟರೋ ಗೊತ್ತಿಲ್ಲ, ಬಾಯಿಂದ ಬಾಯಿಗೆ ಬಂದು ಅಂಟಿಕೊಂಡಿದೆ. ಹೋಗುತ್ತ ಬರುತ್ತ ಅದನ್ನು ಗಂಟಲು ಹರಿದು ಕೂಗಿ ಹೇಳುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಮಾತ್ರ ಅದು ಹೊಳೆ. ಮೇಲಿನ ಕೆರೆ ಕೋಡಿ ಬಿದ್ದ ನೀರು, ಅಕ್ಕಪಕ್ಕ ನೆಲದಿಂದ ಉಕ್ಕುವ ಊಟೆಗಳ ನೀರು ಸೇರಿ ನಮ್ಮೂರ ಮಗ್ಗುಲಲ್ಲಿ ಹರಿದು, ಕೆಳಗಿನ ಕೆರೆ ತುಂಬಿಸಿ, ಹಾಗೇ ಪೂರ್ವಕ್ಕೆ ಹೋಗಿ ಪಿನಾಕಿನಿ ಸೇರುತ್ತಿತ್ತು. ‘ಅದೇನ್ ಕಾವೇರಿನಾ, ಹೊಳೆ ಅನ್ನೋಕೆ?’ ಎಂದು ಶಾಲೆಯಲ್ಲಿ ಯಾರೋ ನಕ್ಕಿದ್ದನ್ನು ನಾನು ಮನೆಗೆ ತಂದಾಗ ಅಜ್ಜಿ ಒಲೆಯ ಮುಂದಿನಿಂದ ಏಳದೆ, ‘ನಾವು ಕುಡಿಯೋ ನೀರು ನಮಗೆ ಹೊಳೆ. ಅವರಿಗೆ ಬಾವಿ ಐತೆ, ಅದಕ್ಕೇ ನಗ್ತಾರೆ’ ಎಂದಳು. ಅವಳ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ.

ತಿಳಿದಾಗ ಹೊಟ್ಟೆ ಉರಿಯಿತು, ಇವತ್ತಿಗೂ ಉರಿಯುತ್ತದೆ. ನನ್ನ ತಾತ ಪಿಳ್ಳಪ್ಪ ಊರ ನೀರಗಂಟಿ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಹೋಗಬೇಕೆಂದು ನೋಡಿ ಬಿಡುವವನು. ಆ ಕೆಲಸ ತಲೆತಲಾಂತರದಿಂದ ನಮ್ಮ ಕೇರಿಯವರದು. ಊರಿನ ಅಷ್ಟೂ ಗದ್ದೆಗೆ ನೀರು ಬಿಡುವ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅಜ್ಜಿ ಪ್ರಾಯದಲ್ಲಿ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕಾದು ಕಾದು, ಒಂದು ದಿನ ಕೊಡ ಎತ್ತಿಕೊಂಡು ಹೊಳೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೊಳೆಯ ದಂಡೆಯಲ್ಲಿ ಮರಳು ತೋಡಿದರೆ ಒರತೆ ಸಿಗುತ್ತಿತ್ತು. ಆ ನೀರಿನಲ್ಲೇ ನಮ್ಮ ಮುದ್ದೆ ಬೆಂದಿತು, ನಮ್ಮಪ್ಪ ಬೆಳೆದ, ನಾನು ಬೆಳೆದೆ. ಅಪ್ಪ ಮುಂದೆ ಬುದ್ಧನ ದಾರಿ ಹಿಡಿದು ಮನೆಯಲ್ಲಿ ಪುಟ್ಟ ವಿಗ್ರಹ ತಂದಿಟ್ಟಾಗ ಅಜ್ಜಿ ಅದರ ಮುಂದೆ ಇಟ್ಟದ್ದು ಹೂವಲ್ಲ, ಹೊಳೆಯ ಒಂದು ಚೊಂಬು ನೀರು.

ಮನೆ ಹೊಳೆಯಿಂದ ಇಪ್ಪತ್ತು ಹೆಜ್ಜೆ. ಮಣ್ಣಿನ ಗೋಡೆ, ನಾಡಹಂಚು, ಹಿಂದೆ ಅಡುಗೆಮನೆ. ಅಡುಗೆಮನೆಗೊಂದು ಗೂಡುಕಿಟಕಿ. ಅಜ್ಜಿ ದಂಡೆಯಲ್ಲಿ ಬೆಳೆದ ಹೊನಗೊನ್ನೆ ಸೊಪ್ಪು ಕುಯ್ದು ತಂದು ಬಸ್ಸಾರು ಮಾಡುತ್ತಿದ್ದಳು. ಮಳೆಗಾಲಕ್ಕೆ ಏಡಿ ಸಾರು, ಅದರ ಖಾರಕ್ಕೆ ಮೂಗು ಸುರಿಸಿಕೊಂಡು ನಾವೆಲ್ಲ ಉಣ್ಣುತ್ತಿದ್ದೆವು. ಆ ಗೂಡುಕಿಟಕಿಯಿಂದ ನೋಡಿದರೆ ನೇರ ಎದುರಿಗೆ ಹೊಳೆಯ ನಡುವೆ ಒಂದು ಚಪ್ಪಟೆ ಬಂಡೆ. ನೀರಿನ ಅಡಿಯಲ್ಲಿದ್ದ ಬಂಡೆ ಅದು, ಬೇಸಿಗೆಯಲ್ಲಿ ಬೆನ್ನು ಕಾಣುತ್ತಿತ್ತು. ಅದರ ಮೇಲೆ ಬೆಳಗಿನ ಹೊತ್ತು ಒಂದು ಬೂದು ಕೊಕ್ಕರೆ ಬಂದು ನಿಲ್ಲುತ್ತಿತ್ತು. ಪುಸ್ತಕದವರು ಅದನ್ನು ಬೂದು ಬಕ ಅನ್ನುತ್ತಾರೆ. ನನ್ನ ಎದೆಮಟ್ಟದ ಎತ್ತರ, ಕತ್ತಿನಲ್ಲಿ ಕಪ್ಪು ಗೀರು, ತಲೆಯ ಹಿಂದೆ ಜುಟ್ಟಿನ ಎರಡು ಎಳೆ. ತಾತ ದಂಡೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಬೀಡಿ ಹಚ್ಚದೆ ಅದನ್ನೇ ನೋಡುತ್ತಿದ್ದ. ಅದೂ ಅಲುಗಾಡುತ್ತಿರಲಿಲ್ಲ, ಇವನೂ ಅಲುಗಾಡುತ್ತಿರಲಿಲ್ಲ. ‘ಎರಡು ಬಕಗಳು ಧ್ಯಾನಕ್ಕೆ ಕುಂತವೆ, ಹೋಗಿ ಒಂದನ್ನ ಊಟಕ್ಕೆ ಕರ್ಕೊಂಡ್ ಬಾ’ ಎಂದು ಅಜ್ಜಿ ನನ್ನನ್ನು ಅಟ್ಟುತ್ತಿದ್ದಳು.

ಅವನು ನೋಡುತ್ತಿದ್ದುದು ಕೊಕ್ಕರೆಯ ಕಾಲು. ನೀರಿನ ಆಳ ಅಳೆಯಲು ಅವನಿಗೆ ಬೇರೆ ಕೋಲು ಬೇಕಿರಲಿಲ್ಲ. ಬಂಡೆ ಅಲುಗುವುದಿಲ್ಲ, ಕೊಕ್ಕರೆಗಳ ಕಾಲಿನ ಉದ್ದ ಹೆಚ್ಚುಕಡಿಮೆ ಒಂದೇ. ನೀರು ಹಕ್ಕಿಯ ಬೆರಳು ಮುಚ್ಚುವಷ್ಟಿದ್ದರೆ ‘ಬೆರಳು ನೀರು’, ಅದು ದನಕರುಗಳಿಗೆ ಮಾತ್ರ. ಕಾಲಿನ ಮಧ್ಯದ ಗಂಟಿನವರೆಗೆ ಬಂದರೆ ‘ಮಂಡಿ ನೀರು’, ಆಗ ಗದ್ದೆಗೆ ಬಿಡಬಹುದು. ಹೊಟ್ಟೆಯ ಕೆಳಗಿನ ಗರಿ ನೆನೆದರೆ ‘ಪುಕ್ಕ ನೀರು’, ಎಲ್ಲ ಮುಚ್ಚಿ ಊರಿಗೆ ಎಚ್ಚರಿಕೆ ಹೇಳಬೇಕು. ಮಂಡಿ ನೀರು ಬಂದ ದಿನ ತಾತ ಎದ್ದು ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಗದ್ದೆ ಬಯಲಿಗೆ ಕೇಳುವ ಹಾಗೆ ಕೂಗುತ್ತಿದ್ದ. ‘ಮಂಡಿ ನೀರೂ... ಸ್ವಾಮೀ, ಮಂಡಿ ನೀರೂ...’ ಗದ್ದೆಯವರು ತಾವಿದ್ದಲ್ಲಿಂದ ಓಗೊಡಬೇಕು. ಓಗೊಡುವ ಮಾತೂ ಗೊತ್ತುಮಾಡಿದ್ದೇ. ‘ಕಂಡೆ, ಬಿಡು.’ ಆ ಎರಡು ಮಾತು ಕಿವಿಗೆ ಬೀಳದೆ ತಾತ ಮಡೆ ತೆಗೆಯುತ್ತಿರಲಿಲ್ಲ. ಮಡೆ ಎಂದರೆ ಹೊಳೆ ನೀರನ್ನು ಗದ್ದೆ ಕಾಲುವೆಗೆ ತಿರುಗಿಸುವ ಬಾಯಿ. ಕೇಳದೆ ತೆಗೆದರೆ ನಾಳೆ ‘ನಮಗೆ ಕಮ್ಮಿ ಬಿಟ್ಟ, ಅವರಿಗೆ ಜಾಸ್ತಿ ಬಿಟ್ಟ’ ಎಂದು ಅವನ ಮೇಲೇ ಬರುತ್ತದೆ. ಆದ್ದರಿಂದ ಊರಿನ ದೊಡ್ಡ ಗದ್ದೆಗಳ ಒಡೆಯ ಕೃಷ್ಣಪ್ಪನವರೂ ಅಂಥ ದಿನ ಬೆಳಿಗ್ಗೆ ನನ್ನ ತಾತನಿಗೆ ಓಗೊಡಲೇಬೇಕಿತ್ತು. ತಾತನಿಗಿಂತ ಹದಿನೈದು ವರ್ಷ ಚಿಕ್ಕವರು ಅವರು. ‘ಕಂಡೆ, ಬಿಡು ಪಿಳ್ಳಾ’ ಎನ್ನುತ್ತಿದ್ದರು. ಪಿಳ್ಳಪ್ಪ ಅಂತ ಒಂದು ದಿನವೂ ಅವರ ಬಾಯಲ್ಲಿ ಬರಲಿಲ್ಲ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಗದ್ದೆಗಳು ಸೈಟುಗಳಾದವು. ಕಲ್ಲು ನೆಟ್ಟರು, ಬಣ್ಣ ಬಳಿದರು, ತಂತಿ ಎಳೆದರು. ಆದರೂ ತಾತ ಬೆಳಿಗ್ಗೆ ಹೊಳೆಗೆ ಹೋಗುವುದು ಬಿಡಲಿಲ್ಲ. ಒಂದು ದಿನ ಅವನ ಜೊತೆ ನಾನೂ ಇದ್ದೆ. ಕೊಕ್ಕರೆ ನಿಂತಿತ್ತು, ನೀರು ಸರಿಯಾಗಿ ಗಂಟಿನ ಮಟ್ಟಕ್ಕಿತ್ತು. ತಾತ ಎದ್ದು ಕೂಗಿದ. ಸೈಟುಗಳ ಕಡೆಯಿಂದ ಏನೂ ಬರಲಿಲ್ಲ. ಇನ್ನೊಂದು ಸಲ ಕೂಗಿದ. ಮರಳು ಸುರಿಯುತ್ತಿದ್ದ ಲಾರಿಯವನು ತಿರುಗಿ ನೋಡಿ ಮತ್ತೆ ತನ್ನ ಕೆಲಸಕ್ಕೆ ಹೋದ. ತಾತ ಬಹಳ ಹೊತ್ತು ಕಿವಿಗೆ ಕೈ ಕೊಟ್ಟು ನಿಂತಿದ್ದ. ನನಗೆ ನಾನೇ ಓಗೊಟ್ಟುಬಿಡೋಣ ಅನ್ನಿಸಿತು, ಆದರೆ ನಮಗೆ ಗದ್ದೆ ಇರಲಿಲ್ಲ, ‘ಕಂಡೆ’ ಅನ್ನುವ ಹಕ್ಕು ಗದ್ದೆ ಇದ್ದವರದು. ಸುಮ್ಮನಿದ್ದೆ. ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವನು ಮಡೆ ತೆಗೆಯದೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ, ಮತ್ತೆ ಕೂಗಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಹೋದ. ಅಜ್ಜಿ ಅವನ ಹಿಂದೆಯೇ ಹೋದಳು. ಅಪ್ಪ ಟಿನ್ ಫ್ಯಾಕ್ಟರಿಯ ಹತ್ತಿರ ಬಾಡಿಗೆ ಮನೆ ಹಿಡಿದ. ಹೊಳೆದಂಡೆಯ ಮನೆ ಇದ್ದ ಜಾಗದಲ್ಲಿ ಈಗ ಕಾರು ತೊಳೆಯುವ ಅಂಗಡಿ ಇದೆ, ಬೋರ್ಡಿನ ಮೇಲೆ ದೊಡ್ಡದಾಗಿ ‘ವಾಟರ್ ವಾಶ್’ ಎಂದು ಬರೆದಿದ್ದಾರೆ.

ಎರಡು ವರ್ಷದ ಹಿಂದೆ ಸೇತುವೆಯ ಕಂಬಕ್ಕೆ ಒಂದು ನೋಟಿಸು ಅಂಟಿಸಿದರು. ಸೇತುವೆಯಿಂದ ಕೆಳಗೆ ಒಂದು ಫರ್ಲಾಂಗು ಉದ್ದಕ್ಕೆ ಮೋರಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕಿ ರಸ್ತೆ ಮಾಡುತ್ತಾರಂತೆ. ಆಕ್ಷೇಪಣೆ ಇದ್ದವರು ಹೇಳಬಹುದಂತೆ. ಬಸ್ಸು ನಿಂತ ಅರ್ಧ ನಿಮಿಷದಲ್ಲಿ ಕಿಟಕಿಯಿಂದ ಅದನ್ನು ಓದಿದೆ, ಹಾಗೇ ತಲೆ ಆಚೆ ತಿರುಗಿಸಿದೆ. ಬಂಡೆಯ ಮೇಲೆ ಕೊಕ್ಕರೆ ನಿಂತಿತ್ತು. ಕಪ್ಪು ನೀರು, ನೊರೆ, ತೇಲುವ ಪ್ಲಾಸ್ಟಿಕ್ಕು, ಅದರ ನಡುವೆ ಅದೇ ಬೂದು ಬೆನ್ನು. ತಾತನ ಕಾಲದ ಹಕ್ಕಿಯ ಮರಿಯ ಮರಿಯೋ, ಎಲ್ಲಿಂದಲೋ ಬಂದ ಪರದೇಶಿಯೋ, ನನಗೇನು ಗೊತ್ತು. ನಿಂತದ್ದು ಮಾತ್ರ ಆ ಬಂಡೆಯ ಮೇಲೆಯೇ. ನನಗೆ ಬಂದದ್ದು ಸಿಟ್ಟು. ಹಕ್ಕಿ ಜಾಗ ಬಿಟ್ಟುಕೊಟ್ಟಿಲ್ಲ, ನಾನು ಬಸ್ಸಿನಲ್ಲಿ ನಿಂತು ಅದಕ್ಕೆ ಮೋರಿ ಎಂದು ಕೂಗುತ್ತಿದ್ದೇನೆ ಅನ್ನುವ ಸಿಟ್ಟು.

ಆ ವಾರದ ರಜೆಯ ದಿನ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಕ್ಯಾಮೆರಾ ಮಾರುವ ಅಂಗಡಿಗೆ ಹೋದೆ. ದೂರದ್ದು ಹತ್ತಿರ ಕಾಣುವಂಥದ್ದು ಬೇಕು ಎಂದೆ. ಅಂಗಡಿಯ ಸಾಯಬರು ಮೂರು ನಾಲ್ಕು ತೆಗೆದು ಮೇಜಿನ ಮೇಲಿಟ್ಟು, ‘ಮದ್ವೆ ಆರ್ಡರ್‌ಗಾ ಅಕ್ಕಾ?’ ಎಂದರು.

‘ಇಲ್ಲ ಭಾಯ್, ಕೊಕ್ಕರೆಗೆ.’

‘ಕೊಕ್ಕರೆ ಮದ್ವೆನಾ?’ ಎಂದು ಅವರು ನಗದೆ ಕೇಳಿದರು. ನಾನು ನಕ್ಕೆ. ಆಮೇಲೆ ನನ್ನ ಕೆಲಸ ಏನೆಂದು ವಿಚಾರಿಸಿ, ಅವರೇ ಕೂತು ಲೆನ್ಸ್ ತಿರುಗಿಸುವುದು, ಉಸಿರು ಹಿಡಿದು ಒತ್ತುವುದು ಹೇಳಿಕೊಟ್ಟರು. ‘ಸಬರ್ ಬೇಕು ಅಕ್ಕಾ, ಹಕ್ಕಿ ನಿಮ್ ಬಸ್ ಪ್ಯಾಸೆಂಜರ್ ಅಲ್ಲ, ಮುಂದೆ ಹೋಗಿ ಅಂದ್ರೆ ಹೋಗಲ್ಲ’ ಎಂದರು.

ಸಬರು, ತಾಳ್ಮೆ, ನನ್ನ ಜಾತಕದಲ್ಲೇ ಇಲ್ಲ. ಮೊದಲ ಎರಡು ತಿಂಗಳು ನನಗೆ ಸಿಕ್ಕಿದ್ದು ಹಾರಿಹೋಗುವ ಹಕ್ಕಿಯ ಹಿಂಭಾಗ ಮಾತ್ರ. ಕಾರು ತೊಳೆಯುವವರನ್ನು ಕೇಳಿಕೊಂಡು ಅವರ ಹಿಂದಿನ ಮೋಟುಗೋಡೆಯ ಮರೆಯಲ್ಲಿ ಕೂರುತ್ತಿದ್ದೆ. ಲೆಕ್ಕ ಹಾಕಿದರೆ ಅದು ನಮ್ಮ ಅಡುಗೆಮನೆ ಇದ್ದ ಜಾಗ, ನಾನು ಕೂತದ್ದು ಹೆಚ್ಚುಕಡಿಮೆ ಅಜ್ಜಿಯ ಒಲೆಯ ಮೇಲೆ. ನೊಣ, ನಾತ, ಮೇಲೆ ಮೆಟ್ರೋ ಓಡುವ ಸದ್ದು. ಹಕ್ಕಿ ಒಂದು ಕಾಲೆತ್ತಿ, ಆ ಕಾಲು ಇಡಬೇಕೋ ಬೇಡವೋ ಎಂದು ಐದು ನಿಮಿಷ ಯೋಚಿಸುತ್ತಿತ್ತು. ನಿಧಾನಕ್ಕೆ ನಾನೂ ಕೂರಲು ಕಲಿತೆ. ತಾತ ಹೇಗೆ ಕೂರುತ್ತಿದ್ದನೋ ಹಾಗೆ, ಕುಕ್ಕುರುಗಾಲಲ್ಲಿ. ಬಸ್ಸಿನಲ್ಲಿ ಮಕ್ಕಳ ಅರ್ಧ ಟಿಕೆಟ್ಟಿಗೆ ಒಂದು ಗೆರೆ ಇರುತ್ತದೆ. ತಾಯಂದಿರು ಮಗುವನ್ನು ಅದರ ಕೆಳಗೆ ನಿಲ್ಲಿಸಿ ಮೆಲ್ಲಗೆ ‘ಮಂಡಿ ಬಗ್ಸು’ ಅನ್ನುತ್ತಾರೆ. ನಾನು ಕಂಡೂ ಕಾಣದ ಹಾಗೆ ಇರುತ್ತೇನೆ. ಹಕ್ಕಿಯ ಅಳತೆಯಲ್ಲಿ ಮಾತ್ರ ಒಂದು ಕೂದಲೆಳೆ ಬಿಡಲಿಲ್ಲ. ಪ್ರತಿ ವಾರ ಅದೇ ಗೋಡೆ, ಅದೇ ಬಂಡೆ, ಹಕ್ಕಿಯ ಕಾಲು ನೀರಿಗೆ ಇಳಿದ ಜಾಗ ಸ್ಪಷ್ಟ ಕಾಣುವ ಒಂದು ಫೋಟೋ. ಒಂದು ಮಳೆಗಾಲ, ಒಂದು ಚಳಿ, ಒಂದು ಬೇಸಿಗೆ. ಮೇ ತಿಂಗಳ ಕೊನೆಯಲ್ಲೂ ನೀರು ಬೆರಳಿಗಿಂತ ಕೆಳಗಿಳಿಯಲಿಲ್ಲ. ಇದು ವರ್ಷವಿಡೀ ಹರಿಯುವ ಹೊಳೆ ಎನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು ಎಂದುಕೊಂಡೆ.

ಆಕ್ಷೇಪಣೆ ಕೇಳುವ ಸಭೆ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ಮಳೆಗಾಲದ ಶುರುವಿನಲ್ಲಿ ನಡೆಯಿತು. ನಾನು ಫೋಟೋಗಳನ್ನೆಲ್ಲ ದೊಡ್ಡದು ಮಾಡಿಸಿ ತೆಗೆದುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಕೃಷ್ಣಪ್ಪನವರು ಕೂತಿದ್ದರು. ತೊಂಬತ್ತು ದಾಟಿದ ಮುದುಕರು, ಕಣ್ಣು ಮುಚ್ಚಿ ತೂಗುತ್ತಿದ್ದರು. ಹೊಸ ರಸ್ತೆಯ ಕೊನೆಯಲ್ಲಿ ಬರುವ ಅಪಾರ್ಟ್‌ಮೆಂಟಿನ ಜಾಗ ಅವರ ಮಗನದು. ಊರಿನ ಹಿರಿಯರ ಒಪ್ಪಿಗೆ ಇದೆ ಎಂದು ತೋರಿಸಲು ಅವನು ಅವರನ್ನು ಕರೆತಂದು ಕೂರಿಸಿದ್ದ. ಸಭೆ ನಡೆಸುತ್ತಿದ್ದ ಇಂಜಿನಿಯರು ಚಿಕ್ಕ ವಯಸ್ಸಿನ ಹುಡುಗ, ಮರ್ಯಾದಸ್ಥ. ಫೋಟೋಗಳನ್ನು ಒಂದೊಂದಾಗಿ ನೋಡಿದ.

‘ಚೆನ್ನಾಗಿ ತೆಗ್ದಿದೀರ ಮೇಡಂ. ಆದ್ರೆ ಇದು ಸೀವೇಜು. ಮನೆಗಳು ಬಂದ್ಮೇಲೆ ಬಂದ ನೀರು. ಮೊದಲಿಂದ ಹರೀತಿದ್ದ ಹೊಳೆ ಆಗಿದ್ರೆ ಮುಚ್ಚೋ ಪ್ರಶ್ನೆನೇ ಬರ್ತಿರ್ಲಿಲ್ಲ. ನಕ್ಷೆಲಿ ಇಲ್ಲಿ ಗೆರೆನೇ ಇಲ್ಲ.’

ಒಂದು ವರ್ಷ ಕೂತು ತೆಗೆದ ಫೋಟೋಗಳೆಲ್ಲ ಇವತ್ತಿನ ನೀರಿಗೆ ಸಾಕ್ಷಿ, ತಾತನ ನೀರಿಗೆ ಅಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ತಾತ ನೀರಗಂಟಿಯಾಗಿದ್ದ, ಮಂಡಿ ನೀರು ಬಂದಾಗ ಗದ್ದೆಗೆ ಬಿಡುತ್ತಿದ್ದ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಇಂಜಿನಿಯರು ಫೋಟೋದಲ್ಲಿ ನಾನು ಬೆರಳಿಟ್ಟ ಜಾಗ ನೋಡಿ, ‘ಮೇಡಂ, ಹಕ್ಕಿಗೆ ಅದು ಮಂಡಿ ಅಲ್ಲ, ಹಿಮ್ಮಡಿ. ಮಂಡಿ ಮೇಲೆ ಗರಿ ಒಳಗಿರುತ್ತೆ’ ಎಂದ. ಹಿಂದಿನಿಂದ ಯಾರೋ ನಕ್ಕರು.

‘ಹಿಮ್ಮಡಿನೋ ಮಂಡಿನೋ, ಅದು ನೋಡ್ಕೊಂಡೇ ಈ ಊರು ಭತ್ತ ಬೆಳೆದಿದ್ದು ಸರ್’ ಎಂದೆ.

‘ಸರಿ, ಅದಕ್ಕೆ ಏನಾದ್ರೂ ಆಧಾರ ಇದ್ಯಾ? ಅವರು ಹೇಗ್ ಹೇಳ್ತಿದ್ರು, ಎಲ್ಲಾದ್ರೂ ಬರೆದಿಟ್ಟಿದ್ರಾ?’

‘ಬರೆಯೋಕೆ ಯಾರು ಕಲಿಸಿದ್ರು? ಕೂಗಿ ಹೇಳ್ತಿದ್ರು. ಹೀಗೆ.’

ಬೇಕಂತಲೇ ಮಾಡಿದೆನೆಂದು ಆಮೇಲೆ ಕೆಲವರು ಅಂದರು. ಅಷ್ಟು ಬುದ್ಧಿ ನನಗಿರಲಿಲ್ಲ. ಕೋಪಕ್ಕೆ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ದಿನಕ್ಕೆ ನೂರು ಸಲ ಸ್ಟಾಪು ಕೂಗಿ ಪಳಗಿದ ಗಂಟಲಿನಿಂದ ತಾತನ ರಾಗದಲ್ಲೇ ಕೂಗಿದೆ. ‘ಮಂಡಿ ನೀರೂ... ಸ್ವಾಮೀ, ಮಂಡಿ ನೀರೂ...’

ತೂಗುತ್ತಿದ್ದ ಕೃಷ್ಣಪ್ಪನವರ ತಲೆ ಮೇಲೆದ್ದಿತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. ‘ಕಂಡೆ, ಬಿಡು ಪಿಳ್ಳಾ’ ಎಂದರು.

ಮಗ ಬಗ್ಗಿ ‘ಅಪ್ಪಾ, ಸುಮ್ನಿರಿ’ ಎಂದು ಭುಜ ಹಿಡಿದ. ಇಂಜಿನಿಯರು ಎದ್ದು ಅವರ ಮುಂದೆ ಬಂದು ಕುಳಿತು, ‘ಏನ್ ಕಂಡ್ರಿ ತಾತ?’ ಎಂದು ಕೇಳಿದ. ಅಷ್ಟರಲ್ಲಿ ಮುದುಕರಿಗೆ ಪೂರ್ತಿ ಎಚ್ಚರವಾಗಿತ್ತು. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಇಲ್ಲ ಅಂದುಬಿಡಬಹುದಿತ್ತು, ಮುಪ್ಪಿನ ಕನವರಿಕೆ ಅಂದುಬಿಡಬಹುದಿತ್ತು. ಆದರೆ ಗದ್ದೆ ಉತ್ತ ಮನುಷ್ಯ, ಕಂಡೆ ಎಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ.

‘ನೀರು ಕಣಪ್ಪಾ. ಹೊಳೆ ನೀರು. ನಾನು ಹುಟ್ಟೋ ಮುಂಚಿಂದ ಹರೀತಿತ್ತು. ಪಿಳ್ಳ ಕೂಗಿದ್ರೆ ನಾವು ಕಂಡೆ ಅನ್ಬೇಕು. ಅನ್ನದಿದ್ರೆ ಬಿಡ್ತಿರ್ಲಿಲ್ಲ ಅವನು, ಭಾರಿ ನಿಯತ್ತು.’

ನನಗೆ ಅಳು ಬಂತು, ಅದರ ಜೊತೆಗೇ ಮೈಯೆಲ್ಲ ಉರಿಯಿತು. ಅವತ್ತು ಕಿವಿಗೆ ಕೈ ಕೊಟ್ಟು ನಿಂತ ತಾತನಿಗೆ ಇಷ್ಟು ವರ್ಷದ ಮೇಲೆ ಓಗೊಟ್ಟರು, ಅದೂ ಪಿಳ್ಳ ಎಂದೇ ಓಗೊಟ್ಟರು. ಹೊಳೆ ಉಳಿಯುವ ಆ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಜಾಣತನವಾಗುತ್ತಿತ್ತು. ಹಿಂದೊಮ್ಮೆ ಬಾಯಿ ಮುಚ್ಚಿಕೊಂಡಿದ್ದು ಸಾಕಾಗಿತ್ತು.

‘ಕೃಷ್ಣಪ್ಪನೋರೇ, ಪಿಳ್ಳಪ್ಪ ಅನ್ನಿ’ ಎಂದೆ.

ಮಗ ಏನೋ ಹೇಳಲು ಹೋದ. ಮುದುಕರು ಕೈಯೆತ್ತಿ ತಡೆದರು. ಆಮೇಲೆ ಇಂಜಿನಿಯರಿನ ಪುಸ್ತಕದ ಕಡೆ ಬೆರಳು ತೋರಿಸಿ, ‘ಬರ್ಕಪ್ಪಾ. ನೀರಗಂಟಿ ಪಿಳ್ಳಪ್ಪ’ ಎಂದರು. ಅವನು ಬರೆದುಕೊಂಡ. ನಾನು ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರ ನೋಡಿದೆ.

ಅಷ್ಟಕ್ಕೇ ಸ್ವರ್ಗ ಇಳಿದು ಬಂತೆಂದು ತಿಳಿಯಬೇಡಿ. ಚಪ್ಪಡಿ ಕೆಲಸ ನಿಂತಿದೆ, ನಕ್ಷೆಗೆ ಗೆರೆ ಎಳೆದಿದ್ದಾರೆ, ದಂಡೆಗೆ ತಂತಿಬೇಲಿ ಬಂದಿದೆ. ನೀರು ಮಾತ್ರ ಕಪ್ಪಾಗಿಯೇ ಇದೆ, ನೊರೆ ಹಾಗೇ ಇದೆ. ಕೃಷ್ಣಪ್ಪನವರು ಆ ವರ್ಷದ ಚಳಿಗೆ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ಕೇರಿಯವರು ದೂರ ನಿಲ್ಲುವ ಜಾಗದಲ್ಲಿ ನಿಲ್ಲದೆ ಮುಂದೆ ಹೋಗಿ ಒಂದು ಹಿಡಿ ಹಾಕಿ ಬಂದೆ. ಈಗ ಆ ಕೂಗಿಗೆ ಓಗೊಡಬಲ್ಲವರು ಭೂಮಿಯ ಮೇಲೆ ಯಾರೂ ಉಳಿದಿಲ್ಲ. ನಿಮಗೂ ಇಂಥದ್ದೊಂದು ಇರಬಹುದು. ನಿಮ್ಮ ಮನೆಯಲ್ಲಿ ಮಾತ್ರ ಆಡುತ್ತಿದ್ದ ಒಂದು ಮಾತು, ಆಡಿದವರು ಹೋಗಿ ನಿಮ್ಮ ಬಾಯಲ್ಲಿ ಒಂಟಿಯಾಗಿ ಉಳಿದದ್ದು. ಅದನ್ನು ಒಳಗೇ ಇಟ್ಟುಕೊಂಡು ಕೊರಗಬೇಡಿ. ಹೊರಗೆ ಹಾಕಿ, ಜನ ನಗಲಿ.

ನಾನು ಸಭೆಯ ಮರುದಿನದಿಂದಲೇ ಸ್ಟಾಪಿನ ಹೆಸರು ಬದಲಾಯಿಸಿದೆ. ಸೇತುವೆ ಹತ್ತಿರ ಬರುತ್ತಿದ್ದಂತೆ ‘ಹೊಳೆ, ಹೊಳೆ, ಯಾರ್ರೀ ಹೊಳೆ ಇಳಿಯೋರು’ ಎಂದು ಕೂಗಿದೆ. ‘ಯಾವ ಹೊಳೆ ಮೇಡಂ, ಬಸ್ಸು ದಾರಿ ತಪ್ತಾ?’ ಎಂದು ನಕ್ಕರು. ಮೋರಿ ಸ್ಟಾಪಿಗೆ ಟಿಕೆಟ್ ಕೇಳಿದವರಿಗೆ ‘ಮೋರಿ ನಿಮ್ಮನೆ ಹಿಂದೆ ಇರ್ಬೇಕು, ಇದು ಹೊಳೆ’ ಎಂದು ಹೇಳಿಯೇ ಕೊಟ್ಟೆ. ಒಬ್ಬಿಬ್ಬರು ನನ್ನ ಮೇಲೆ ದೂರು ಕೊಡುತ್ತೇವೆ ಎಂದರು. ಕೊಡಿ, ಹೆಸರು ರತ್ನ ಅಂತ ಬರೀರಿ, ನೀರಗಂಟಿ ಪಿಳ್ಳಪ್ಪನ ಮೊಮ್ಮಗಳು ಅಂತಲೂ ಬರೀರಿ ಎಂದೆ.

ಹೋದ ವಾರ ಬೆಳಗಿನ ಟ್ರಿಪ್ಪಿನಲ್ಲಿ ಟಿನ್ ಫ್ಯಾಕ್ಟರಿಯಲ್ಲಿ ಒಬ್ಬ ಹೆಂಗಸು ಹತ್ತಿದಳು. ಗಾರ್ಮೆಂಟ್ಸಿಗೆ ಹೋಗುವವಳಿರಬೇಕು, ಕೈಯಲ್ಲಿ ಊಟದ ಚೀಲ. ಅವಳನ್ನು ನಾನು ಹಿಂದೆ ನೋಡಿದ ನೆನಪಿಲ್ಲ. ಕಂಬಿ ಹಿಡಿದು ನಿಂತು, ಮೊಬೈಲಿನಿಂದ ಕಣ್ಣೆತ್ತದೆ, ‘ಹೊಳೆ ಒಂದ್ ಕೊಡಿ ಅಕ್ಕಾ’ ಎಂದಳು.

ಟಿಕೆಟ್ ಕೊಟ್ಟೆ. ಸೇತುವೆ ಬಂತು, ಅವಳು ಇಳಿದಳು. ನಾನು ಬಾಗಿಲಲ್ಲಿ ನಿಂತು ಆಚೆ ನೋಡಿದೆ. ಬಂಡೆಯ ಮೇಲೆ ಹಕ್ಕಿ ನಿಂತಿತ್ತು. ಮಂಡಿ ನೀರು ಇತ್ತು.

‘ಕಂಡೆ’ ಎಂದೆ. ಡ್ರೈವರ್ ಅದನ್ನು ರೈಟ್ ಎಂದುಕೊಂಡು ಬಸ್ಸು ಬಿಟ್ಟ.